ಹುಲಸೂರಿನ ಮಳೆ ಸುದ್ದಿ ಒಯ್ಯುವವರು ಯಾರು?

ಜೂನ್ ತಿಂಗಳ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಬೀದರ ಜಿಲ್ಲೆಯ ಹುಲಸೂರಿನಲ್ಲಿ ಗುಡುಗು, ಸಿಡಿಲು, ಜೋರು ಮಳೆ. ಕರೆಂಟು ಹೋಗಿದೆ. ಊರಿನವರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದಾರೆ. ಆದರೂ, ನೇರ ಗೆರೆ ಎಳೆದರೆ 500 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ ಬೆಂಗಳೂರಿನ ಯಲಹಂಕದ ಒಂದು ಕಂಪ್ಯೂಟರಿಗೆ ಹುಲಸೂರಿನಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಎಂಬುದು ತಿಳಿಯುತ್ತಲೇ ಇರುತ್ತದೆ. ಅದೂ ಹದಿನೈದು ನಿಮಿಷಕ್ಕೊಮ್ಮೆ! ಈ ಸುದ್ದಿಯನ್ನು ಒಯ್ದವರು ಯಾರು?

ಮಳೆಯಲ್ಲಿ ಎದ್ದು ಕುಳಿತ ಮನುಷ್ಯರು ಯಾರೂ ಅಲ್ಲಿಲ್ಲ. ಸುದ್ದಿ ಕಳಿಸುತ್ತಿರುವುದು ಒಂದು ಪುಟ್ಟ ಯಂತ್ರ. ಅದರ ಹೆಸರು ಟೆಲಿಮೆಟ್ರಿಕ್ ಮಳೆಮಾಪಕ. ‘ಟೆಲಿ’ ಎಂದರೆ ದೂರ, ‘ಮೆಟ್ರಿ’ ಎಂದರೆ ಅಳತೆ. ಎರಡೂ ಗ್ರೀಕ್ ಮೂಲದ ಮಾತುಗಳು. ತಾನು ಅಳೆದದ್ದನ್ನು ದೂರದಲ್ಲಿರುವವರಿಗೆ ತಾನೇ ತಿಳಿಸುವ ಮಳೆಮಾಪಕ ಎಂದು ಇದರ ಅರ್ಥ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂಬ ಸಂಸ್ಥೆ ಇಂತಹ ಮಳೆಮಾಪಕಗಳನ್ನು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೆಲ್ಲ ನಿಲ್ಲಿಸಿದೆ. ಅವುಗಳ ಸಂಖ್ಯೆ 6,000ಕ್ಕೂ ಹೆಚ್ಚು. ಗಾಳಿ, ಉಷ್ಣತೆ, ತೇವಾಂಶಗಳನ್ನೂ ಅಳೆಯುವ ಹವಾಮಾನ ಕೇಂದ್ರಗಳು ಹೋಬಳಿಗೊಂದರಂತೆ ಇವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆ ಇದು.

ಈ ಅಂಕಿಗಳಿಂದ ಏನು ಪ್ರಯೋಜನ? ಒಂದು ತಾಲ್ಲೂಕಿನಲ್ಲಿ ಬರ ಬಿದ್ದಿದೆಯೇ ಎಂದು ಸರ್ಕಾರ ತೀರ್ಮಾನಿಸುವಾಗ ನೋಡುವ ಮುಖ್ಯ ಲೆಕ್ಕಗಳಲ್ಲಿ ಮಳೆಯ ಲೆಕ್ಕವೂ ಒಂದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತರಿಗೆ ಪರಿಹಾರ ಸಿಗಬೇಕೇ ಬೇಡವೇ ಎಂಬುದು ಇಂತಹ ಅಳತೆಗಳ ಮೇಲೆಯೇ ನಿಂತಿದೆ. ಮಾಂಜ್ರಾ ನದಿಯ ದಂಡೆಯಲ್ಲಿರುವ ಊರುಗಳಿಗಂತೂ ಮೇಲುಗಡೆ ಎಷ್ಟು ಮಳೆಯಾಯಿತು ಎಂಬುದು ಬೇಗ ತಿಳಿದಷ್ಟೂ ಒಳ್ಳೆಯದು. ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಲು ಒಂದು ಗಂಟೆ ಹೆಚ್ಚು ಸಿಕ್ಕರೂ ಅದು ದೊಡ್ಡದೇ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಮಳೆ ಬಾರದ ದಿನವೂ ಈ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ‘ಸೊನ್ನೆ, ಸೊನ್ನೆ’ ಎಂದು ಹೇಳುತ್ತಲೇ ಇರುತ್ತದೆ. ಮಳೆ ಇಲ್ಲದಿದ್ದರೆ ಸುಮ್ಮನಿರಬಾರದೇ, ಬ್ಯಾಟರಿಯಾದರೂ ಉಳಿಯುತ್ತದಲ್ಲ ಎಂದು ನಿಮಗೆ ಅನಿಸಬಹುದು. ಆದರೆ ‘ಮಳೆ ಬಂದಿಲ್ಲ’ ಎಂಬ ಸುದ್ದಿ ಬೇರೆ, ‘ಸುದ್ದಿಯೇ ಬಂದಿಲ್ಲ’ ಎಂಬುದು ಬೇರೆ. ಹಾಜರಿ ಕೂಗುವಾಗ ‘ಗೈರು’ ಎಂದು ಬರೆಯುವುದಕ್ಕೂ ಹೆಸರನ್ನೇ ಕೂಗದೆ ಬಿಡುವುದಕ್ಕೂ ಇರುವಷ್ಟೇ ವ್ಯತ್ಯಾಸ ಇದು. ಯಂತ್ರ ಮೌನವಾದರೆ ಅಂದು ಮಳೆ ಬಂತೋ ಇಲ್ಲವೋ ಹೇಳುವವರು ಯಾರು? ಮುಂದೆ ರೈತರಿಗೂ ವಿಮೆಯವರಿಗೂ ತಕರಾರು ಹುಟ್ಟುವುದು ಇಂತಹ ಖಾಲಿ ಜಾಗಗಳಿಂದಲೇ. ಆದ್ದರಿಂದ ದೂರದ ಊರಿನಲ್ಲಿ ಒಬ್ಬಂಟಿಯಾಗಿ ನಿಲ್ಲುವ ಯಂತ್ರಕ್ಕೆ ಯಾವ ನಿಸ್ತಂತು ಸಾಧನವನ್ನು ಜೋಡಿಸಬೇಕು ಎಂಬುದನ್ನು ಎಂಜಿನಿಯರುಗಳು ಬಹಳ ಯೋಚಿಸಿ ಆರಿಸುತ್ತಾರೆ. ನಿಸ್ತಂತು ಎಂದರೆ ತಂತಿ ಇಲ್ಲದ್ದು. ಆ ಆಯ್ಕೆ ಹೇಗೆ ನಡೆಯುತ್ತದೆ? ಬನ್ನಿ, ನಾವೇ ಎಂಜಿನಿಯರುಗಳಾಗಿ ನೋಡೋಣ.

ಬಟ್ಟಲುಗಳ ಆಟ

ಮೊದಲು ಯಂತ್ರದೊಳಗೆ ಇಣುಕೋಣ. ಮೇಲೆ ಒಂದು ಆಲಿಕೆ. ಅದರ ಕೆಳಗೆ ಸೀಸಾ ಹಲಗೆಯಂತೆ ಆ ಕಡೆ ಈ ಕಡೆ ವಾಲುವ ಎರಡು ಪುಟ್ಟ ಬಟ್ಟಲುಗಳು. ಒಂದು ಬಟ್ಟಲು ತುಂಬಿದ ಕೂಡಲೇ ಅದು ಕೆಳಗೆ ವಾಲಿ ನೀರನ್ನು ಚೆಲ್ಲುತ್ತದೆ, ಇನ್ನೊಂದು ಮೇಲೆ ಬಂದು ಆಲಿಕೆಯ ಕೆಳಗೆ ನಿಲ್ಲುತ್ತದೆ. ಬಟ್ಟಲಿಗೆ ಅಂಟಿಸಿದ ಆಯಸ್ಕಾಂತವು ಪ್ರತಿ ಸಲ ವಾಲುವಾಗಲೂ ಒಂದು ಸ್ವಿಚ್ಚಿನ ಪಕ್ಕದಲ್ಲಿ ಹಾದುಹೋಗುತ್ತದೆ. ಸ್ವಿಚ್ಚು ‘ಟಿಕ್’ ಎನ್ನುತ್ತದೆ. ಎಷ್ಟು ಟಿಕ್ ಆಯಿತು ಎಂದು ಎಣಿಸಿದರೆ ಮಳೆ ಎಷ್ಟು ಎಂಬುದು ಸಿಕ್ಕಂತೆ.

ಉದಾಹರಣೆಗೆ, ಆಲಿಕೆಯ ಬಾಯಿ 200 ಚದರ ಸೆಂ.ಮೀ. ಇದೆ ಎಂದುಕೊಳ್ಳಿ. ಅರ್ಧ ಮಿಲಿಮೀಟರ್ ಮಳೆ ಬಿದ್ದರೆ ಅದರಲ್ಲಿ ಸೇರುವ ನೀರು 200 × 0.05 = 10 ಘನ ಸೆಂ.ಮೀ. ಅಂದರೆ 10 ಮಿಲಿಲೀಟರ್, ಎರಡು ಚಮಚದಷ್ಟು. ಬಟ್ಟಲು ಅಷ್ಟೇ ನೀರಿಗೆ ವಾಲುವಂತಿದ್ದರೆ ಒಂದು ಟಿಕ್ ಎಂದರೆ ಅರ್ಧ ಮಿ.ಮೀ. ಮಳೆ. ಗಂಟೆಗೆ 60 ಟಿಕ್ ಆದರೆ 30 ಮಿ.ಮೀ. ಸುರಿದಿದೆ ಎಂದಾಯಿತು.

ಈಗ ಯಂತ್ರ ಕಳಿಸಬೇಕಾದ ಸುದ್ದಿ ಎಷ್ಟು ದೊಡ್ಡದು? ತನ್ನ ಗುರುತಿನ ಸಂಖ್ಯೆ, ದಿನಾಂಕ, ಸಮಯ, ಮಳೆ, ತನ್ನ ಬ್ಯಾಟರಿಯ ಸ್ಥಿತಿ, ಇಷ್ಟೇ. ಎಲ್ಲ ಸೇರಿ 50 ಅಕ್ಷರ ಎಂದು ಇಟ್ಟುಕೊಳ್ಳೋಣ. ಕಂಪ್ಯೂಟರಿನ ಭಾಷೆಯಲ್ಲಿ ಇದು 50 ಬೈಟ್. ಗಂಟೆಗೆ 4 ಸಲದಂತೆ ದಿನಕ್ಕೆ 96 ಸಲ ಕಳಿಸಿದರೂ 96 × 50 = 4,800 ಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ 20 ಲಕ್ಷ ಬೈಟ್ ಇರಬಹುದು. 20 ಲಕ್ಷವನ್ನು 4,800ರಿಂದ ಭಾಗಿಸಿ ನೋಡಿ. 416 ಬರುತ್ತದೆ. ಅಂದರೆ ಒಂದು ಫೋಟೊ ಹಿಡಿಸುವಷ್ಟು ಜಾಗದಲ್ಲಿ ಹುಲಸೂರಿನ ಒಂದು ವರ್ಷಕ್ಕೂ ಮಿಕ್ಕಿದ ಮಳೆಯ ಸುದ್ದಿ ಹಿಡಿಸುತ್ತದೆ!

ಅಂಗಡಿಯಲ್ಲಿ ಸಾಧನ ಕೊಳ್ಳಲು ಹೋದರೆ ‘ಇದು ಬಹಳ ವೇಗದ್ದು, ತೆಗೆದುಕೊಳ್ಳಿ’ ಎನ್ನುತ್ತಾರೆ. ನಮ್ಮ ಮಳೆಮಾಪಕಕ್ಕೆ ವೇಗ ಬೇಕಾಗಿಯೇ ಇಲ್ಲ. ಇದೇ ಮಾತು ಪಕ್ಕದ ಶಾಲೆಗೆ ಹೊಂದುವುದಿಲ್ಲ. ಅಲ್ಲಿ ಮಕ್ಕಳು ಪಾಠದ ವಿಡಿಯೊ ನೋಡಬೇಕಾದರೆ ಸೆಕೆಂಡಿಗೆ ಲಕ್ಷಗಟ್ಟಲೆ ಬಿಟ್ ಹರಿದುಬರಬೇಕು. (8 ಬಿಟ್ ಸೇರಿದರೆ 1 ಬೈಟ್.) ಒಂದೇ ಊರು, ನೂರು ಮೀಟರ್ ಅಂತರ. ಆದರೂ ಇಬ್ಬರಿಗೂ ಬೇಕಾದ ಸಾಧನ ಬೇರೆ ಬೇರೆ.

ನಿಧಾನವಾಗಿ ಕೂಗಿದರೆ ದೂರಕ್ಕೆ

ಹೊಲದ ಆ ತುದಿಯ ಬದುವಿನಲ್ಲಿರುವ ಅಪ್ಪನನ್ನು ಊಟಕ್ಕೆ ಕರೆಯುವಾಗ ನೀವು ಹೇಗೆ ಕೂಗುತ್ತೀರಿ? ‘ಅಪ್ಪಾ... ಊಟಕ್ಕ ಬಾ...’ ಎಂದು ಒಂದೊಂದೇ ಅಕ್ಷರವನ್ನು ಎಳೆದು ಕೂಗುತ್ತೀರಿ, ಅಲ್ಲವೇ? ಅಷ್ಟು ದೂರಕ್ಕೆ ಬೇಗಬೇಗನೆ ಕಥೆ ಹೇಳಲು ಆಗುವುದಿಲ್ಲ. ಗಾಳಿಯ ಸದ್ದಿನಲ್ಲಿ ಮಾತು ಕಲಸಿಹೋಗುತ್ತದೆ. ರೇಡಿಯೊ ಅಲೆಗಳಲ್ಲೂ ಹೀಗೆಯೇ. ಒಂದೇ ಶಕ್ತಿಯ ಪ್ರೇಷಕ ನಿಧಾನವಾಗಿ ಮಾತಾಡಿದರೆ ಅದರ ಸಂಕೇತ ಹೆಚ್ಚು ದೂರದಲ್ಲೂ ಅರ್ಥವಾಗುತ್ತದೆ, ಅವಸರದಲ್ಲಿ ಮಾತಾಡಿದರೆ ಹತ್ತಿರದವರಿಗೆ ಮಾತ್ರ.

ಈ ಗುಣವನ್ನೇ ಬಂಡವಾಳ ಮಾಡಿಕೊಂಡ ಒಂದು ವಿಧಾನಕ್ಕೆ ‘ಲೋರಾ’ ಎಂದು ಹೆಸರು. ಇದು ಹುಟ್ಟಿದ್ದು ಫ್ರಾನ್ಸಿನಲ್ಲಿ. ಹಕ್ಕಿಯ ಸಿಳ್ಳೆಯಂತೆ ಕೆಳದನಿಯಿಂದ ಮೇಲುದನಿಗೆ ಜಾರುವ ಸಂಕೇತಗಳಲ್ಲಿ ಅದು ಮಾತಾಡುತ್ತದೆ. ತೀರಾ ನಿಧಾನವಾಗಿ ಮಾತಾಡುವಾಗ ಸೆಕೆಂಡಿಗೆ ಸಾಗುವುದು ಸುಮಾರು 300 ಬಿಟ್ ಮಾತ್ರ. ವಿಡಿಯೊ ಬಿಡಿ, ಒಂದು ಫೋಟೊ ಕಳಿಸಲೂ ಬಾರದು. ಆದರೆ ಬಯಲಿನಲ್ಲಿ ಹಲವು ಕಿಲೋಮೀಟರ್ ದೂರಕ್ಕೆ ‘ಮಳೆ 12 ಮಿ.ಮೀ.’ ಎಂದು ಹೇಳಲು ಅದಕ್ಕೆ ಟಾರ್ಚಿಗೆ ಬೇಕಾಗುವುದಕ್ಕಿಂತ ಕಡಿಮೆ ವಿದ್ಯುತ್ ಸಾಕು.

ಹಾಗಿದ್ದರೆ ಪಂಚಾಯಿತಿಯ ಮಳೆಮಾಪಕಗಳಿಗೆಲ್ಲ ಲೋರಾ ಹಾಕಿಬಿಡಬಹುದಲ್ಲ? ಅದಕ್ಕೆ ಮಾತು ಕೇಳಿಸಿಕೊಳ್ಳುವ ಕೇಂದ್ರವೊಂದು ಆಸುಪಾಸಿನಲ್ಲಿ ಇರಬೇಕು. 6,000 ಊರುಗಳ ಸುತ್ತ ಅದನ್ನು ಹೊಸದಾಗಿ ಕಟ್ಟುವ ಖರ್ಚು ಯಾರದು? ಮೊಬೈಲ್ ಗೋಪುರಗಳಾದರೆ ಈಗಾಗಲೇ ನಿಂತಿವೆ. ಹೀಗಾಗಿ ನಮ್ಮ ಮಳೆಮಾಪಕಗಳು ಒಳಗೆ ಒಂದು ಸಿಮ್ ಇಟ್ಟುಕೊಂಡು, ನಿಮ್ಮ ಮನೆಯ ಮೊಬೈಲಿನಂತೆ ಹತ್ತಿರದ ಗೋಪುರಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಂದಹಾಗೆ, ಯಂತ್ರಗಳಿಗೆಂದೇ ಕೊಡುವ ಸಿಮ್‌ಗಳಿಗೆ ಭಾರತದಲ್ಲಿ 2018ರಿಂದ 13 ಅಂಕಿಗಳ ಸಂಖ್ಯೆ ಇದೆ. ನಮ್ಮ ನಿಮ್ಮ ಸಂಖ್ಯೆಗೆ 10 ಅಂಕಿ, ಯಂತ್ರಕ್ಕೆ 13!

ಮೊಬೈಲ್ ದಾರಿಯನ್ನು ಆರಿಸುವಾಗಲೂ ಕೇಳಬೇಕಾದ ಪ್ರಶ್ನೆಗಳಿವೆ. ಆ ಊರಿನಲ್ಲಿ ಯಾವ ಕಂಪನಿಯ ಸಂಕೇತ ಗಟ್ಟಿಯಾಗಿದೆ? ಹುಲಸೂರಿನಂತಹ ಗಡಿನಾಡಿನಲ್ಲಿ ಫೋನು ಕೆಲವೊಮ್ಮೆ ಮಹಾರಾಷ್ಟ್ರದ ಗೋಪುರವನ್ನು ಹಿಡಿದುಬಿಡುವುದುಂಟು. ಆಗಲೂ ಸುದ್ದಿ ಹೋಗುವಂತಹ ಸಿಮ್ ಬೇಕು. ಇನ್ನೊಂದು ಮಾತು: ಯಂತ್ರ ಹತ್ತು ವರ್ಷ ನಿಲ್ಲಬೇಕಾದದ್ದು. ಅದು ನಂಬಿಕೊಂಡ ಜಾಲ ಅಷ್ಟು ವರ್ಷ ಇರುತ್ತದೆಯೇ? 2020ರ ಸುಮಾರಿಗೆ ನಮ್ಮ ದೇಶದಲ್ಲಿ 3ಜಿ ಸೇವೆಯನ್ನು ನಿಲ್ಲಿಸಿದ ಕಂಪನಿ ಇದೆ. 3ಜಿ ಒಂದನ್ನೇ ಬಲ್ಲ ಯಂತ್ರವಾಗಿದ್ದರೆ ಅಂದೇ ಮೂಕವಾಗುತ್ತಿತ್ತು. ಹಳೆಯದು ಅಗ್ಗಕ್ಕೆ ಸಿಗುತ್ತದೆಂದು ಕೊಂಡರೆ ಇಂತಹ ಪೇಚು ಕಾದಿರುತ್ತದೆ.

ನಡುವೆ ಏನಿದೆ?

ಈಗ ಶಾಲೆಯ ಕಡೆಗೆ ಹೋಗೋಣ. ಪಂಚಾಯಿತಿ ಕಚೇರಿಯಲ್ಲಿ ಇಂಟರ್ನೆಟ್ ಇದೆ, 2 ಕಿ.ಮೀ. ದೂರದ ಶಾಲೆಯಲ್ಲಿ ಇಲ್ಲ ಎಂದುಕೊಳ್ಳಿ. ನಡುವೆ ಹೊಲಗಳು. ಕಚೇರಿಯಿಂದ ಶಾಲೆಗೆ ವೈ-ಫೈ ಮೂಲಕ ಇಂಟರ್ನೆಟ್ ತರಬಹುದೇ? ಕೋಣೆಯಲ್ಲಿಡುವ ಸಾಧಾರಣ ವೈ-ಫೈ ಪೆಟ್ಟಿಗೆ ಕೆಲವು ಹತ್ತು ಮೀಟರಿಗೇ ಸುಸ್ತಾಗುತ್ತದೆ. ಅದರ ಆಂಟೆನಾ ಲಾಟೀನಿನಂತೆ ಸುತ್ತಲೂ ಅಲೆಗಳನ್ನು ಚೆಲ್ಲುತ್ತದೆ. ಲಾಟೀನಿನ ಬೆಳಕು ಅಂಗಳ ದಾಟುವುದಿಲ್ಲ, ಅದೇ ಪುಟ್ಟ ಬಲ್ಬಿನ ಹಿಂದೆ ಬಾಗಿದ ಕನ್ನಡಿ ಇಟ್ಟು ಟಾರ್ಚು ಮಾಡಿದರೆ ಬೆಳಕು ಹೊಲದಾಚೆಗೂ ಹೋಗುತ್ತದೆ. ಹಾಗೆಯೇ ತಟ್ಟೆಯಾಕಾರದ ಆಂಟೆನಾಗಳನ್ನು ಎರಡೂ ಕಡೆ ಎದುರುಬದುರು ನಿಲ್ಲಿಸಿದರೆ, ಪ್ರೇಷಕದ ಶಕ್ತಿಯನ್ನು ಹೆಚ್ಚಿಸದೆಯೇ ವೈ-ಫೈಯನ್ನು ಕಿಲೋಮೀಟರುಗಟ್ಟಲೆ ಒಯ್ಯಬಹುದು.

ಶಕ್ತಿಯನ್ನೇ ಹೆಚ್ಚಿಸಿದರೇನು ಎಂದು ಕೇಳುವಿರಾ? ಅದರಲ್ಲಿ ಲಾಭ ಕಡಿಮೆ. ಟಾರ್ಚನ್ನು ಗೋಡೆಯಿಂದ 1 ಮೀಟರ್ ದೂರದಲ್ಲಿ ಹಿಡಿದು ಬೆಳಕಿನ ವೃತ್ತವನ್ನು ನೋಡಿ. 2 ಮೀಟರಿಗೆ ಸರಿದರೆ ವೃತ್ತದ ಅಗಲ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು. ಅಂದರೆ ಒಂದೊಂದು ಜಾಗಕ್ಕೆ ಬೀಳುವ ಬೆಳಕು ಕಾಲುಭಾಗ. ದೂರ ಎರಡರಷ್ಟಾಗಬೇಕಾದರೆ ಶಕ್ತಿ ನಾಲ್ಕರಷ್ಟು ಬೇಕು. ಅಲ್ಲದೆ ಮನಬಂದಷ್ಟು ಶಕ್ತಿಯಲ್ಲಿ ಅಲೆಗಳನ್ನು ಬಿಡಲು ಕಾನೂನು ಒಪ್ಪುವುದಿಲ್ಲ. ಭಾರತ ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನೂ, 2018ರಲ್ಲಿ 5 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಗಳನ್ನೂ ಪರವಾನಗಿ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಆದರೆ ಎಲ್ಲದಕ್ಕೂ ಶಕ್ತಿಯ ಮಿತಿ ಇದೆ. ಅಮೆರಿಕಕ್ಕೆಂದು ಮಾಡಿದ ಲೋರಾ ಸಾಧನ 915 ಮೆಗಾಹರ್ಟ್ಸ್ ಸುತ್ತ ಮಾತಾಡುತ್ತದೆ. ಅದನ್ನು ತಂದು ಇಲ್ಲಿ ಹಚ್ಚಿದರೆ ಮೊಬೈಲುಗಳಿಗೆ ಕೊಟ್ಟ ಪಟ್ಟಿಗೆ ಕೈಹಾಕಿದಂತೆ.

ಎರಡು ಆಂಟೆನಾಗಳು ಒಂದಕ್ಕೊಂದು ಕಾಣಬೇಕು. ಭೂಮಿ ಗುಂಡಗಿರುವುದರಿಂದ ಬಯಲಿನಲ್ಲೂ ದೂರದ ವಸ್ತು ಮರೆಯಾಗುತ್ತದೆ. ರೇಡಿಯೊ ಅಲೆಗಳು ಗಾಳಿಯಲ್ಲಿ ತುಸು ಬಾಗುವುದರಿಂದ ನಮ್ಮ ಕಣ್ಣಿಗಿಂತ ಸ್ವಲ್ಪ ಹೆಚ್ಚು ದೂರ ‘ನೋಡುತ್ತವೆ’. ಅದಕ್ಕೊಂದು ಸುಲಭ ಲೆಕ್ಕವಿದೆ. ಆಂಟೆನಾದ ಎತ್ತರ 9 ಮೀಟರ್ ಇದ್ದರೆ ಅದರ ವರ್ಗಮೂಲ 3. ಅದನ್ನು 4.12ರಿಂದ ಗುಣಿಸಿದರೆ 12.36 ಕಿ.ಮೀ. ಆ ಎತ್ತರದ ಆಂಟೆನಾಕ್ಕೆ ದಿಗಂತ ಇರುವುದು ಅಷ್ಟು ದೂರದಲ್ಲಿ. 2 ಕಿ.ಮೀ.ಗೆ ಭೂಮಿಯ ಉಬ್ಬು ಅಡ್ಡಿಯಲ್ಲ. ಅಡ್ಡಿಯಾಗುವುದು ಬೇವಿನ ಮರ, ಹುಣಸೆ ಮರ, ಕಬ್ಬು.

ಕಬ್ಬೇ? ಹೌದು. ಎರಡು ಆಂಟೆನಾಗಳ ನಡುವೆ ಅಲೆಗಳು ದಾರದಂತೆ ಸಾಗುವುದಿಲ್ಲ. ಅವಕ್ಕೆ ಬೇಕಾದ ಜಾಗ ಸೌತೆಕಾಯಿಯ ಆಕಾರದಲ್ಲಿರುತ್ತದೆ: ತುದಿಗಳಲ್ಲಿ ಚೂಪು, ನಡುವೆ ದಪ್ಪ. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್‌ನ ಹೆಸರನ್ನು ಈ ವಲಯಕ್ಕೆ ಇಟ್ಟಿದ್ದಾರೆ. 2 ಕಿ.ಮೀ. ದೂರಕ್ಕೆ 5.8 ಗಿಗಾಹರ್ಟ್ಸ್ ಅಲೆಗಳನ್ನು ಬಳಸಿದರೆ ಈ ಸೌತೆಕಾಯಿಯ ನಡುಭಾಗದ ತ್ರಿಜ್ಯ ಸುಮಾರು 5 ಮೀಟರ್. ಅದರಲ್ಲಿ ನಡುಗೆರೆಯಿಂದ 3 ಮೀಟರಿನಷ್ಟಾದರೂ ಖಾಲಿ ಇರಬೇಕು ಎಂಬುದು ಎಂಜಿನಿಯರುಗಳ ರೂಢಿ. ಬೇಸಿಗೆಯಲ್ಲಿ ಬಂದು, ಖಾಲಿ ಹೊಲದ ಮೇಲೆ ಆಚೆಯ ತುದಿ ಕಾಣುತ್ತದೆಂದು 4 ಮೀಟರ್ ಕಂಬ ನಿಲ್ಲಿಸಿ ಹೋದರು ಎನ್ನಿ. ಆಗ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಕಬ್ಬು 3 ಮೀಟರ್ ಎತ್ತರಕ್ಕೆ ಬೆಳೆದಾಗ ಸೌತೆಕಾಯಿಯ ಹೊಟ್ಟೆಗೆ ಅದು ಚುಚ್ಚುತ್ತದೆ. ಎಲೆಗಳಲ್ಲಿ ನೀರಿದೆ, ಮಳೆಗಾಲದಲ್ಲಿ ಎಲೆಗಳ ಮೇಲೆಯೂ ನೀರಿದೆ. ನೀರು ಈ ಅಲೆಗಳನ್ನು ಹೀರುತ್ತದೆ. ಇಂಟರ್ನೆಟ್ ಕುಂಟುತ್ತದೆ. ‘ಯಂತ್ರ ಕೆಟ್ಟಿದೆ’ ಎಂದು ಬದಲಿಸುತ್ತಾರೆ, ಹೊಸದೂ ಕುಂಟುತ್ತದೆ. ಕಬ್ಬು ಕಡಿದು ಕಾರ್ಖಾನೆಗೆ ಹೋದ ಮೇಲೆ ತಾನಾಗಿಯೇ ಸರಿಹೋಗುತ್ತದೆ! ಇಲ್ಲಿ ಬೇಕಾಗಿದ್ದದ್ದು ದುಬಾರಿ ಯಂತ್ರವಲ್ಲ, ಇನ್ನೆರಡು ಮೂರು ಮೀಟರ್ ಎತ್ತರದ ಕಂಬ. ಆ ಹೊಲದಲ್ಲಿ ಏನು ಬೆಳೆಯುತ್ತೀರಿ ಎಂದು ರೈತನನ್ನು ಕೇಳಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಅಲೆಯುದ್ದವೂ ಮುಖ್ಯ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯುದ್ದ ಮೀಟರಿನಲ್ಲಿ ಸಿಗುತ್ತದೆ. 865 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂ.ಮೀ. 5,800 ಮೆಗಾಹರ್ಟ್ಸ್‌ನದು 5 ಸೆಂ.ಮೀ. ಉದ್ದ ಅಲೆಗಳು ಗಿಡಮರಗಳ ನಡುವೆ ನುಸುಳಿ, ಅಡ್ಡಿಗಳನ್ನು ಬಳಸಿಕೊಂಡು ಹೋಗುವುದರಲ್ಲಿ ಹೆಚ್ಚು ಜಾಣ. ಗಿಡ್ಡ ಅಲೆಗಳು ಹೆಚ್ಚು ಮಾತು ಹೊರಬಲ್ಲವು, ಆದರೆ ದಾರಿ ಸಾಫಾಗಿರಬೇಕು. ಮಳೆಮಾಪಕಕ್ಕೆ ಮೊದಲನೆಯದು ಲೇಸು, ಶಾಲೆಗೆ ಎರಡನೆಯದು.

ಸೂರ್ಯ ಕಾಣದ ವಾರ

ಹೊಲದ ಬದುವಿನಲ್ಲಿ ನಿಂತ ಯಂತ್ರಕ್ಕೆ ವಿದ್ಯುತ್ ಎಲ್ಲಿಂದ? ಒಂದು ಸಣ್ಣ ಸೌರಫಲಕ, ಒಂದು ಬ್ಯಾಟರಿ. ಬ್ಯಾಟರಿ 12 ವೋಲ್ಟಿನ 7 ಆಂಪಿಯರ್-ಗಂಟೆಯದು ಎಂದುಕೊಳ್ಳಿ. ಸ್ಕೂಟರಿನ ಬ್ಯಾಟರಿಯಷ್ಟು ದೊಡ್ಡದು. ಅದರಲ್ಲಿ ತುಂಬಿರುವುದು 12 × 7 = 84 ವ್ಯಾಟ್-ಗಂಟೆ. ಸದಾ ಎಚ್ಚರವಿರುವ ಒಂದು ವೈ-ಫೈ ಪೆಟ್ಟಿಗೆ 6 ವ್ಯಾಟ್ ನುಂಗಿದರೆ ಬಿಸಿಲಿಲ್ಲದಾಗ ಬ್ಯಾಟರಿ 14 ಗಂಟೆಯಲ್ಲಿ ಖಾಲಿ. ಸಂಜೆ ಆರಕ್ಕೆ ಹೊರಟರೆ ಬೆಳಿಗ್ಗೆ ಎಂಟಕ್ಕೆ ಮುಗಿಯಿತು.

ಮಳೆಮಾಪಕದ ಮೋಡೆಮ್ ಹಾಗಲ್ಲ, ಅದು ಕುಂಭಕರ್ಣನ ತಮ್ಮ. ಹದಿನೈದು ನಿಮಿಷಕ್ಕೊಮ್ಮೆ ಎದ್ದು, 20 ಸೆಕೆಂಡು ಮಾತಾಡಿ, ಮತ್ತೆ ಮಲಗುತ್ತದೆ ಎಂದುಕೊಳ್ಳಿ. 96 ಸಲ 20 ಸೆಕೆಂಡು ಎಂದರೆ ದಿನಕ್ಕೆ 32 ನಿಮಿಷ ಮಾತ್ರ ಎಚ್ಚರ. ಆಗ 2 ವ್ಯಾಟ್ ಬಳಸಿದರೂ ಖರ್ಚು 1 ವ್ಯಾಟ್-ಗಂಟೆಯ ಆಸುಪಾಸು. ಟಿಕ್ ಎಣಿಸುವ ಭಾಗ ಮಾತ್ರ ಮಲಗುವಂತಿಲ್ಲ, ಅದಕ್ಕೆ ಇನ್ನೊಂದಿಷ್ಟು. ಒಟ್ಟು ದಿನಕ್ಕೆ 2.3 ವ್ಯಾಟ್-ಗಂಟೆ ಆಯಿತೆನ್ನೋಣ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ 42 ವ್ಯಾಟ್-ಗಂಟೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೂ 18 ದಿನ ಬರುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದರೂ ಯಂತ್ರ ಬಾಯಿ ಮುಚ್ಚುವುದಿಲ್ಲ.

ಕೊಳ್ಳುವಾಗ ‘ಎಷ್ಟು ವ್ಯಾಟಿನ ಸಾಧನ’ ಎಂದು ಕೇಳುವುದರ ಜೊತೆಗೆ ‘ಮಲಗಿದಾಗ ಎಷ್ಟು ತಿನ್ನುತ್ತದೆ’ ಎಂದೂ ಕೇಳಬೇಕಾದದ್ದು ಇದಕ್ಕೇ. ದಿನದ ಬಹುಪಾಲು ಅದು ಮಲಗಿಯೇ ಇರುತ್ತದಲ್ಲ!

ಮಳೆಯಲ್ಲೇ ಹೇಳಬೇಕಾದ ಮಾತು

ನಿಮ್ಮ ಮನೆಯ ಮೇಲೆ ಟಿ.ವಿ.ಯ ಡಿಶ್ ಇದೆಯೇ? ಅದು ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ. ದಕ್ಷಿಣಕ್ಕೋ ಆಗ್ನೇಯಕ್ಕೋ ಇರುತ್ತದೆ. ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಂತೆ ಕಾಣುವ ಉಪಗ್ರಹಗಳಿಂದ ಅದಕ್ಕೆ ಸಂಕೇತ ಬರುತ್ತದೆ. ಜೋರು ಮಳೆ ಬಂದಾಗ ಚಿತ್ರ ನಿಂತುಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಆ ಅಲೆಗಳ ಉದ್ದ ಎರಡೂವರೆ ಸೆಂ.ಮೀ. ಅಷ್ಟೇ. ಅಷ್ಟು ಗಿಡ್ಡ ಅಲೆಗಳನ್ನು ದಪ್ಪ ಮಳೆಹನಿಗಳು ಹೀರಿ, ಚದುರಿಸಿಬಿಡುತ್ತವೆ. ಟಿ.ವಿ. ಹತ್ತು ನಿಮಿಷ ನಿಂತರೆ ಧಾರಾವಾಹಿ ತಪ್ಪುತ್ತದೆ, ಅಷ್ಟೇ. ಮಳೆಮಾಪಕ ಮಾತಾಡಲೇಬೇಕಾದದ್ದು ಆ ಹತ್ತು ನಿಮಿಷದಲ್ಲೇ. ಅದನ್ನು ನಿಲ್ಲಿಸಿರುವುದೇ ಅದಕ್ಕೆ.

ಮೊಬೈಲ್ ಸಂಕೇತವೇ ಇಲ್ಲದ ಕಾಡು, ಬೆಟ್ಟಗಳಲ್ಲಿ ಭಾರತದ ಹವಾಮಾನ ಇಲಾಖೆ ಉಪಗ್ರಹದ ದಾರಿ ಹಿಡಿಯಿತು. ಆದರೆ ಡಿಶ್ ಟಿ.ವಿ.ಯ ಅಲೆಗಳನ್ನಲ್ಲ, ಸುಮಾರು 402 ಮೆಗಾಹರ್ಟ್ಸ್‌ನ, 75 ಸೆಂ.ಮೀ. ಉದ್ದದ ಅಲೆಗಳನ್ನು ಆರಿಸಿಕೊಂಡಿತು. ಮಳೆ ಅವಕ್ಕೆ ಲೆಕ್ಕಕ್ಕೇ ಇಲ್ಲ. 2013ರಲ್ಲಿ ಹಾರಿದ ಇನ್ಸಾಟ್-3ಡಿ, 2016ರ ಇನ್ಸಾಟ್-3ಡಿಆರ್, 2024ರ ಇನ್ಸಾಟ್-3ಡಿಎಸ್ ಉಪಗ್ರಹಗಳು ಇಂತಹ ಸುದ್ದಿಗಳನ್ನು ಕೇಳಿ ಮತ್ತೆ ಭೂಮಿಗೆ ದಾಟಿಸುವ ಉಪಕರಣಗಳನ್ನು ಹೊತ್ತು ಹೋದವು. ನಮ್ಮ ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇಂತಹ ಉಪಗ್ರಹಗಳ ಮೇಲೆ ಕಣ್ಣಿಡುತ್ತದೆ. ಸೋಜಿಗ ನೋಡಿ: 2 ಕಿ.ಮೀ. ಕಬ್ಬಿನ ಹೊಲ ದಾಟಲು ತಿಣುಕುವ ಅಲೆಗಳು 36,000 ಕಿ.ಮೀ. ಆಕಾಶವನ್ನು ಕೆಲವೇ ವ್ಯಾಟ್ ಶಕ್ತಿಯಲ್ಲಿ ದಾಟುತ್ತವೆ. ಮೇಲೆ ಮರವಿಲ್ಲ, ದಿಬ್ಬವಿಲ್ಲ. ಒಂದು ತೊಡಕೆಂದರೆ, ಎಲ್ಲ ಕೇಂದ್ರಗಳೂ ಒಟ್ಟಿಗೆ ಮಾತಾಡಿದರೆ ಉಪಗ್ರಹಕ್ಕೆ ಸಂತೆಯ ಗದ್ದಲ ಕೇಳಿಸುತ್ತದೆ. ಹಾಗಾಗಿ ಒಂದೊಂದು ಕೇಂದ್ರಕ್ಕೂ ಗಂಟೆಯಲ್ಲಿ ತನ್ನದೇ ಆದ ಕೆಲವು ಸೆಕೆಂಡುಗಳನ್ನು ಗೊತ್ತು ಮಾಡಿರುತ್ತಾರೆ. ಹಾಜರಿಯಲ್ಲಿ ನಿಮ್ಮ ಸಂಖ್ಯೆ ಬಂದಾಗ ಮಾತ್ರ ನೀವು ‘ಹಾಜರ್’ ಎನ್ನುವ ಹಾಗೆ.

ಉಪಗ್ರಹ ಶಾಲೆಗಳಿಗೂ ಬಂದಿತ್ತು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಮೂಲಕ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಬರುತ್ತಿದ್ದವು. ಆ ಉಪಗ್ರಹ 2010ರಲ್ಲಿ ನಿವೃತ್ತವಾಯಿತು. ಆ ಶಾಲೆಗಳಲ್ಲಿದ್ದದ್ದು ಕೇಳುವ ಸಾಧನ, ಹೇಳುವ ಸಾಧನವಲ್ಲ. ಮಕ್ಕಳಿಗೆ ಪ್ರಶ್ನೆ ಹುಟ್ಟಿದರೆ ಮರಳಿ ಕೇಳಲು ದಾರಿ ಇರಲಿಲ್ಲ. ಮಾತು ಒಂದೇ ಕಡೆಗೆ ಸಾಕೋ, ಎರಡೂ ಕಡೆಗೆ ಬೇಕೋ ಎಂಬುದೂ ಆಯ್ಕೆಯ ಒಂದು ಪ್ರಶ್ನೆ.

ಮತ್ತೆ ಹುಲಸೂರಿನ ಆ ಮಳೆಯ ರಾತ್ರಿಗೆ ಬನ್ನಿ. ಕರೆಂಟು ಹೋಗಿ ಬಹಳ ಹೊತ್ತಾದರೆ ಮೊಬೈಲ್ ಗೋಪುರದ ಬ್ಯಾಟರಿಯೂ ಮುಗಿಯಬಹುದು. ಆಗ ಒಳ್ಳೆಯ ಮಳೆಮಾಪಕ ಏನು ಮಾಡುತ್ತದೆ? ಅಳೆದದ್ದನ್ನೆಲ್ಲ ಸಮಯದ ಸಮೇತ ತನ್ನ ನೆನಪಿನಲ್ಲಿ ಬರೆದಿಟ್ಟುಕೊಂಡು, ಗೋಪುರ ಎಚ್ಚರವಾದ ಕೂಡಲೇ ಕಳಿಸುತ್ತದೆ. ಸುದ್ದಿ ತಡವಾಗುತ್ತದೆ, ಕಳೆದುಹೋಗುವುದಿಲ್ಲ. ಪ್ರವಾಹದ ಎಚ್ಚರಿಕೆಗೆ ಅದು ತಡವೇ, ಆದರೆ ಬರ ಮತ್ತು ವಿಮೆಯ ಲೆಕ್ಕಕ್ಕೆ ಸಾಕು. ನೆನಪಿಲ್ಲದ ಅಗ್ಗದ ಸಾಧನವನ್ನು ನಾನಂತೂ ಕೊಳ್ಳಲಾರೆ.

ಸಿಡಿಲಿನ ಭಯವೂ ಇದೆ. ಬಯಲಿನಲ್ಲಿ ಎತ್ತರಕ್ಕೆ ನಿಂತ ಲೋಹದ ಕಂಬ ಸಿಡಿಲಿಗೆ ಆಹ್ವಾನ ಕೊಟ್ಟಂತೆ. ಕಂಬದಿಂದ ದಪ್ಪ ತಾಮ್ರದ ಪಟ್ಟಿಯನ್ನು ನೆಲದೊಳಕ್ಕೆ ಇಳಿಸಿ, ಆಂಟೆನಾ ತಂತಿಗೆ ಸಿಡಿಲುತಡೆ ಜೋಡಿಸುತ್ತಾರೆ. ಗುಡುಗು ಕೇಳಿಸುವಾಗ ನೀವು ಇಂತಹ ಕಂಬಗಳ ಹತ್ತಿರ ಸುಳಿಯಬಾರದು. ಇನ್ನು ಪೆಟ್ಟಿಗೆಯ ಮೇಲೆ ‘ಐಪಿ 65’ ಎಂಬಂತಹ ಬರಹ ಕಂಡರೆ ಅದರ ಅರ್ಥ ಹೀಗೆ: ಮೊದಲ ಅಂಕಿ ಧೂಳಿನದು, 6 ಎಂದರೆ ಧೂಳು ಒಳಗೆ ಹೋಗದು. ಎರಡನೆಯದು ನೀರಿನದು, 5 ಎಂದರೆ ಪೈಪಿನಿಂದ ನೀರು ಹಾಯಿಸಿದರೂ ತಾಳುತ್ತದೆ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಆದರೆ ಆಲಿಕೆಯಲ್ಲಿ ಬೇವಿನ ಎಲೆ ಸಿಕ್ಕಿಕೊಂಡರೆ ಯಾವ ಅಂಕಿಯೂ ಕಾಪಾಡದು. ಊರೆಲ್ಲ ನೆನೆಯುತ್ತಿದ್ದರೂ ಯಂತ್ರ ಪ್ರಾಮಾಣಿಕವಾಗಿ ‘ಸೊನ್ನೆ’ ಎನ್ನುತ್ತದೆ!

ಕಾರ್ಖಾನೆ, ಕಾಲುವೆ

ಹುಮನಾಬಾದಿನ ಕೈಗಾರಿಕಾ ಪ್ರದೇಶದಂತಹ ಕಡೆ ದೂರ ಕಡಿಮೆ, ತೊಡಕು ಬೇರೆ. ತಗಡಿನ ಗೋಡೆ, ಕಬ್ಬಿಣದ ಟ್ಯಾಂಕುಗಳಿಗೆ ಬಡಿದು ಅಲೆಗಳು ಬಾವಿಯೊಳಗಿನ ಕೂಗಿನಂತೆ ಮಾರ್ದನಿಸುತ್ತವೆ, ದೊಡ್ಡ ಮೋಟಾರುಗಳು ಗದ್ದಲವೆಬ್ಬಿಸುತ್ತವೆ. ಅಲ್ಲಿ ಶಾಖ, ಧೂಳು ತಾಳುವ ಪೆಟ್ಟಿಗೆ ಬೇಕು. ಆಂಟೆನಾವನ್ನು ಲೋಹದಿಂದ ದೂರಕ್ಕೆ ಸರಿಸಬೇಕು. ತಂತಿ ಎಳೆಯಲು ಸಾಧ್ಯವಿರುವ ಕಡೆ ತಂತಿಯೇ ಮೇಲು. ಯಂತ್ರವನ್ನು ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿಯನ್ನಂತೂ ಸಾಧಾರಣ ವೈ-ಫೈ ನಂಬಿ ಬಿಡಬಾರದು.

ಯಾದಗಿರಿ ಜಿಲ್ಲೆಯಲ್ಲಿ ಇನ್ನೂ ದೊಡ್ಡ ಕೆಲಸವೊಂದು ನಡೆದಿದೆ. ಬಸವಸಾಗರ ಜಲಾಶಯದಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆ ಸುಮಾರು 4.5 ಲಕ್ಷ ಹೆಕ್ಟೇರಿಗೆ ನೀರುಣಿಸುವಂಥದ್ದು. ಅದರ ಗೇಟುಗಳನ್ನು ದೂರದ ಕೊಠಡಿಯಿಂದಲೇ ನೋಡಿ, ನಡೆಸುವ ‘ಸ್ಕಾಡಾ’ ವ್ಯವಸ್ಥೆಯನ್ನು ಅಳವಡಿಸಿ ನವೀಕರಿಸಿದ ಕಾಲುವೆಯನ್ನು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿಯವರು ಉದ್ಘಾಟಿಸಿದರು. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಬೇಕೆಂಬುದು ಇದರ ಉದ್ದೇಶ. ಮಳೆಮಾಪಕ ಸುದ್ದಿ ಹೇಳುತ್ತದೆ, ಅಷ್ಟೇ. ಗೇಟು ಹಾಗಲ್ಲ, ಅದು ಆಜ್ಞೆಯನ್ನೂ ಕೇಳಬೇಕು. ‘ಮುಚ್ಚು’ ಎಂಬ ಆಜ್ಞೆ ದಾರಿಯಲ್ಲಿ ಕಳೆದುಹೋದರೆ ಯಾರದೋ ಹೊಲ ಮುಳುಗೀತು. ಅದಕ್ಕೇ ಇಂತಹ ಕಡೆ ಪ್ರತಿ ಆಜ್ಞೆಗೂ ‘ಕೇಳಿಸಿತು, ಮಾಡಿದೆ’ ಎಂಬ ಮರುಮಾತು ಬರಬೇಕು. ಬಾರದಿದ್ದರೆ ಮತ್ತೆ ಕೇಳಬೇಕು. ಸಂಪರ್ಕವೇ ಕಡಿದುಹೋದರೆ ಗೇಟು ಏನು ಮಾಡಬೇಕು ಎಂಬುದನ್ನು ಮೊದಲೇ ಅದಕ್ಕೆ ಕಲಿಸಿರಬೇಕು. ಬೇರೆಯವರು ಸುಳ್ಳು ಆಜ್ಞೆ ಕೊಡದಂತೆ ಗುಪ್ತ ಸಂಕೇತದ ಬೀಗವೂ ಬೇಕು.

ಮಾಡಿ ನೋಡಿ

ಮನೆಯವರ ಒಪ್ಪಿಗೆ ಪಡೆದು ಎರಡು ಮೊಬೈಲ್ ಫೋನುಗಳನ್ನು ತೆಗೆದುಕೊಳ್ಳಿ. ಒಂದನ್ನು ಬಿಗಿಯಾದ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿ, ಇನ್ನೊಂದರಿಂದ ಕರೆ ಮಾಡಿ. ರಿಂಗ್ ಆಯಿತೇ? ಆದರೆ ಫೋನನ್ನು ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯಲ್ಲಿ ಎರಡು ಸುತ್ತು ಸುತ್ತಿ ಮತ್ತೆ ಡಬ್ಬಿಯಲ್ಲಿಟ್ಟು ನೋಡಿ. ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒದ್ದೆ ಗೋಣಿಚೀಲದಲ್ಲಿ ಇಟ್ಟು ಪರೀಕ್ಷಿಸಿ. (ಒದ್ದೆ ಚೀಲದಲ್ಲಿ ಇಡುವಾಗ ಫೋನನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಕಟ್ಟಿ!) ಒಂದೊಂದು ಸಲವೂ ಏನಾಯಿತೆಂದು ಬರೆದಿಡಿ. ಅನಂತರ ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಗುರುಗಳ ಜೊತೆ ಹೋಗಿ, ಮುಟ್ಟದೆ ದೂರದಿಂದ ನೋಡಿ ಬನ್ನಿ. ಅದರ ಆಂಟೆನಾ ಎಲ್ಲಿದೆ? ಪೆಟ್ಟಿಗೆಯ ಒಳಗೋ ಹೊರಗೋ? ಪೆಟ್ಟಿಗೆ ಯಾವುದರದು? ಸೌರಫಲಕ ಯಾವ ದಿಕ್ಕಿಗೆ ವಾಲಿದೆ? ಆಲಿಕೆಯ ಮೇಲೆ ಮರದ ಕೊಂಬೆ ಚಾಚಿಕೊಂಡಿದ್ದರೆ ಪಂಚಾಯಿತಿ ಕಚೇರಿಗೆ ಹೋಗಿ ತಿಳಿಸಿ.